ಕವಿತೆಗೆ ದಿನಾಂಕ ಕೇಳಿದ ಅಮ್ಮಣಿಯಕ್ಕ

ಬೆಳಗ್ಗೆ ಐದೂಮುಕ್ಕಾಲು. ಮುಳ್ಳೇರಿಯ ಪೇಟೆಯ ಹೋಟೆಲಿನಲ್ಲಿ ಇನ್ನೂ ಒಲೆ ಹಚ್ಚುತ್ತಿದ್ದಾರೆ. ಪೇಪರಿನ ಕಟ್ಟು ಜೀಪಿನಿಂದ ಈಗಷ್ಟೇ ಕೆಳಗೆ ಬಿದ್ದಿದೆ. ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಅಡಿಯ ಚಿಕ್ಕ ಕೋಣೆಯೊಂದರ ಶಟರು ಅರ್ಧ ಮೇಲೆ ಹೋಗಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಅಮ್ಮಣಿ ಕೂತಿದ್ದಾರೆ. ಎದುರಿಗೆ ಕಂಪ್ಯೂಟರ್, ಬಲಗಡೆ ಪ್ರಿಂಟರ್, ಕಿವಿಯ ಹಿಂದೆ ಪೆನ್ಸಿಲು. ಆರೂ ನಲ್ವತ್ತರ ಬಸ್ಸು ಹಿಡಿದು ಕಾಸರಗೋಡಿಗೆ ಹೋಗಿ, ಕಚೇರಿ ತೆರೆಯುವಾಗ ಕಿಟಕಿಯೆದುರು ನಿಲ್ಲಬೇಕಾದವರು ಮೂವರು ಆಗಲೇ ಬೆಂಚಿನಲ್ಲಿ ಕಾದಿದ್ದಾರೆ.

ಮೊದಲ ಸರದಿ ಐವತ್ತರ ಆಸುಪಾಸಿನ ಕೃಷಿಕರೊಬ್ಬರದು. ಹೆಸರು ಹಾಕಬೇಡಿ, ಸಂಗತಿ ಬೇಕಾದರೆ ಬರೆಯಿರಿ ಎಂದು ಆಮೇಲೆ ನನಗೆ ಅನುಮತಿ ಕೊಟ್ಟರು. ಅವರ ಹತ್ತನೆಯ ತರಗತಿಯ ಸರ್ಟಿಫಿಕೇಟು ಇಲ್ಲವಾಗಿದೆ, ನಕಲು ಬೇಕು. ಹೇಗೆ ಇಲ್ಲವಾಯಿತು ಎನ್ನುವುದನ್ನು ಅರ್ಜಿಯಲ್ಲಿ ಬರೆಯಬೇಕು.

“ಮನೆ ರಿಪೇರಿ ಮಾಡುವಾಗ ಪೆಟ್ಟಿಗೆಯನ್ನು ಅಟ್ಟದಲ್ಲಿ ಇಟ್ಟದ್ದು ಅಕ್ಕ. ಅಲ್ಲಿ ಮಳೆಗೆ ಸೋರುದು ಉಂಟು. ಮತ್ತೆ ಗೆದ್ದಲು. ಇಲಿಯ ಉಪದ್ರವೂ ಉಂಟು ನಮ್ಮಲ್ಲಿ.”

“ಮಳೆಯಾ, ಗೆದ್ದಲಾ, ಇಲಿಯಾ?” ಅಮ್ಮಣಿ ತಲೆ ಎತ್ತದೆ ಕೇಳುತ್ತಾರೆ.

ಅಮ್ಮಣಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಾರೆ. ಬೆಂಚಿನಲ್ಲಿದ್ದ ಉಳಿದಿಬ್ಬರು ತಮಗೆ ಏನೂ ಕೇಳಿಸುವುದಿಲ್ಲ ಎಂಬಂತೆ ರಸ್ತೆ ನೋಡುತ್ತಾರೆ.

“ತಮ್ಮನ ಹತ್ತಿರ ಜಗಳ ಆಗಿತ್ತು. ಸಿಟ್ಟಿನಲ್ಲಿ ನಾನೇ ಒಲೆಗೆ ಹಾಕಿದ್ದು.”

ಅಮ್ಮಣಿ ಟೈಪ್ ಮಾಡುತ್ತಾರೆ: ‘ಮೂಲ ಪ್ರತಿಯು ನನ್ನ ಕೈಯಿಂದಲೇ ನಾಶವಾಗಿರುವುದರಿಂದ.’ ಸುಳ್ಳೂ ಇಲ್ಲ, ಮನುಷ್ಯನ ಮಾನವೂ ಹೋಗಲಿಲ್ಲ. ಇಡೀ ಅರ್ಜಿ ಐದು ಸಾಲು. ಅವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು ಬಸ್ಸಿಗೆ ಹೋಗುತ್ತಾರೆ.

“ಸುತ್ತಿ ಬಳಸಿ ಹೇಳುವವರಲ್ಲಿ ಎರಡು ನಮೂನೆ ಉಂಟು ಮಾಷ್ಟ್ರೇ,” ಅಮ್ಮಣಿ ನನಗೆ ಹೇಳುತ್ತಾರೆ. “ಒಂದೋ ಸುಳ್ಳು ಹೇಳುವವರು, ಒಂದೋ ನಾಚಿಕೆ ಆಗುವವರು. ಸುಳ್ಳಿನವರು ಬೇಗ ಬೇಗ ಹೇಳ್ತಾರೆ. ನಾಚಿಕೆಯವರು ಕಾಲಬುಡ ನೋಡ್ತಾ ಹೇಳ್ತಾರೆ. ಅವರನ್ನು ಸ್ವಲ್ಪ ಕಾಯಬೇಕು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಾಲಬುಡದಿಂದ ಕಣ್ಣು ತೆಗೆದು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ.

ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಲೇಖನ ಅದರಿಂದಲೇ ಹುಟ್ಟಿದ್ದು. ಎಲೆಮರೆಯ ಕಾಯಿಗಳನ್ನು ಹುಡುಕಿ ಬೆಳಕಿಗೆ ತರುವ ಪುಣ್ಯಕಾರ್ಯಕ್ಕೆ ನಾನು ಮುಳ್ಳೇರಿಯಕ್ಕೆ ಬಂದವನಲ್ಲ. ಹೊಟ್ಟೆಕಿಚ್ಚಿನಿಂದ ಬಂದವನು. ಪುರವಣಿಯ ಸಂಪಾದಕರು ಯಾರನ್ನಾದರೂ ಹುಡುಕಿ ಎಂದಾಗ ನಾನೇ ಮುಂದೆ ಬಿದ್ದು ಅಮ್ಮಣಿಯ ಹೆಸರು ಹೇಳಿದೆ. ಕಾದಂಬರಿಕಾರ ಈಶ್ವರಪ್ರಸಾದರ ಸಮಗ್ರ ಕವಿತೆಗಳನ್ನು ಟೈಪ್ ಮಾಡಿದವರು ಇವರು. ಪುಸ್ತಕ ಹೊರಬರುವ ಮೊದಲೇ ಅದರಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡ ‘ಅಪೇಕ್ಷೆ’ ಎಂಬ ಕವಿತೆ ನಿಜಕ್ಕೂ ಈಶ್ವರಪ್ರಸಾದರದ್ದಲ್ಲ, ಈ ಟೈಪಿಸ್ಟರದ್ದು ಎಂದು ಪೇಟೆಯಲ್ಲಿ ಒಂದು ಗುಸುಗುಸು ಇತ್ತು. ಅದು ನನ್ನ ಕಿವಿಗೆ ಜೇನು ಹೊಯ್ದ ಹಾಗಾಯಿತು. ಅದನ್ನು ಸಾಬೀತು ಮಾಡಿ ಭಾನುವಾರದ ಪುರವಣಿಯಲ್ಲಿ ಬರೆದುಬಿಟ್ಟರೆ ಸಾಕು ಎಂದುಕೊಂಡೆ. ಬಡವರಿಗೆ ನ್ಯಾಯ ಕೊಡಿಸಿದ ಹಾಗೂ ಆಯಿತು, ಈಶ್ವರಪ್ರಸಾದರನ್ನು ಒಂದು ಮೆಟ್ಟಿಲು ಕೆಳಗಿಳಿಸಿದ ಹಾಗೂ ಆಯಿತು.

ಈಶ್ವರಪ್ರಸಾದರಿಗೆ ಈಗ ಎಪ್ಪತ್ತಾರು. ಅಗಲ್ಪಾಡಿಯವರು. ಒಂಬತ್ತು ಕಾದಂಬರಿ ಬರೆದಿದ್ದಾರೆ, ಪ್ರಶಸ್ತಿ ಫಲಕ ಇಡಲು ಅವರ ಮನೆಯಲ್ಲಿ ಬೇರೆ ಕಪಾಟೇ ಉಂಟು. ಕಾದಂಬರಿ ಬರೆದುಕೊಂಡು ಇರಬಾರದೇ ಈ ಮನುಷ್ಯ? ಕವಿತೆಗೆ ಕೈ ಹಾಕಬೇಕೇ? ನಾನು ಮೂವತ್ತು ವರ್ಷ ಕವಿತೆಯನ್ನೇ ನಂಬಿದವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಕಳೆದ ವರ್ಷ ನಿವೃತ್ತನಾದೆ. ‘ಶಿಲಾಮೌನದ ಪದರುಗಳು’ ಎಂಬ ನನ್ನ ಸಂಕಲನ ಬಂದು ಹನ್ನೊಂದು ವರ್ಷವಾಯಿತು. ಅಚ್ಚು ಹಾಕಿಸಿದ ಐನೂರರಲ್ಲಿ ಮುನ್ನೂರ ಎಂಬತ್ತು ಪ್ರತಿ ನನ್ನ ಮಂಚದಡಿ ಇವೆ. ಅದನ್ನು ಓದಿ ಯಾರಾದರೂ ಅತ್ತಿದ್ದಾರೆಂದು ನಾನು ಕೇಳಿಲ್ಲ. ಎರಡು ತಿಂಗಳ ಹಿಂದೆ ಬದಿಯಡ್ಕದಲ್ಲಿ ನಡೆದ ಕವಿಗೋಷ್ಠಿಯಲ್ಲಿ ಈಶ್ವರಪ್ರಸಾದರು ‘ಅಪೇಕ್ಷೆ’ ಓದಿದಾಗ ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ನನ್ನ ಹೆಂಡತಿ.

ಇದಕ್ಕಿಂತ ಹೆಚ್ಚು ಹೊಟ್ಟೆ ಉರಿಯಲು ಮನುಷ್ಯನಿಗೆ ಇನ್ನೇನು ಬೇಕು?

ಅಮ್ಮಣಿಯ ಬಗ್ಗೆ ಹೇಳಬೇಕು. ವಯಸ್ಸು ಐವತ್ತಮೂರು. ಹುಟ್ಟಿದ್ದು ಕಾರಡ್ಕದಲ್ಲಿ. ಮನೆಮಾತು ತುಳು, ಶಾಲೆಯಲ್ಲಿ ಕನ್ನಡ, ಕಚೇರಿ ಕೆಲಸಕ್ಕೆಂದು ಕಲಿತದ್ದು ಮಲಯಾಳ. ಹತ್ತನೆಯ ತರಗತಿ ಮುಗಿಸಿ ಕಾಸರಗೋಡಿನ ಟೈಪಿಂಗ್ ಕ್ಲಾಸಿಗೆ ಸೇರಿದರು. ಕನ್ನಡದ ಟೈಪ್‌ರೈಟರಿನಲ್ಲಿ ಕಿರುಬೆರಳು ಊದುವಷ್ಟು ಒತ್ತಬೇಕಿತ್ತು ಎಂದು ಈಗಲೂ ಆ ಬೆರಳನ್ನು ತೋರಿಸುತ್ತಾರೆ. ಆಮೇಲೆ ಜಾಗದ ಕಾಗದಪತ್ರ ಬರೆಯುವವರೊಬ್ಬರ ಕೈಕೆಳಗೆ ಏಳು ವರ್ಷ ಇದ್ದರು. ಅಲ್ಲಿ ಭಾಷೆ ಎಂದರೆ ಗಂಟು ಹಾಕುವ ಹಗ್ಗ. ಎಷ್ಟು ಗಂಟು ಹಾಕಿದರೆ ಅಷ್ಟು ಗೌರವ.

“ಆಗ ನಾನೂ ಸಾ ಒಂದು ಅರ್ಜಿ ಬರೆದೆ,” ಅಮ್ಮಣಿ ಹೇಳುತ್ತಾರೆ. “ಒಬ್ಬರು ಅಮ್ಮ ಮಗಳ ಸ್ಕಾಲರ್‌ಶಿಪ್ಪಿಗೆ ಬಂದದ್ದು. ನಾನು ಕಲಿತದ್ದನ್ನೆಲ್ಲ ಹಾಕಿ, ‘ತಮ್ಮ ಘನ ಸನ್ನಿಧಾನಕ್ಕೆ’ ಅಂತ ಸುರು ಮಾಡಿ ಎರಡು ಪುಟ ಬರೆದೆ. ಚಂದ ಉಂಟು ಅಂತ ಅವರಿಗೂ ಖುಷಿ, ನನಗೂ ಖುಷಿ. ಅದು ಮೂರು ಸಲ ಹಿಂದೆ ಬಂತು. ಎಂತ ಕೇಳುದು ಅಂತ ಅಲ್ಲಿಯವರಿಗೆ ಗೊತ್ತಾಗಲಿಲ್ಲವಂತೆ. ನಾಲ್ಕನೇ ಸಲ ತೆಕ್ಕೊಂಡು ಹೋಗುವಾಗ ತಾರೀಕು ದಾಟಿತ್ತು. ಆ ಹುಡುಗಿ ಕಾಲೇಜಿಗೆ ಹೋಗಲಿಲ್ಲ.”

ಇಷ್ಟು ಹೇಳಿ ಅವರು ಪ್ರಿಂಟರಿಗೆ ಕಾಗದ ತುಂಬುತ್ತಾರೆ. ಆ ಹುಡುಗಿಗೆ ಈಗ ಮೊಮ್ಮಗು ಆಗಿರಬೇಕು, ಪೇಟೆಯಲ್ಲಿ ಸಿಕ್ಕಿದರೆ ಮಾತಾಡಿಸುತ್ತಾಳೆ. ಅವಳು ಮರೆತಿದ್ದಾಳೆ, ಅಮ್ಮಣಿ ಮರೆತಿಲ್ಲ. ಸ್ವಂತ ಅಂಗಡಿ ಹಾಕಿದ ದಿನದಿಂದ ಅವರು ಬಂದವರಿಗೆಲ್ಲ ಮೂರು ಪ್ರಶ್ನೆ ಕೇಳುತ್ತಾರೆ. ಯಾರು ಕೇಳುವುದು, ಯಾರ ಹತ್ತಿರ ಕೇಳುವುದು, ಎಂತ ಕೇಳುವುದು. ಅದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಕೈ ಕೀಬೋರ್ಡಿಗೆ ಹೋಗುವುದು.

ಅಂಗಡಿಗೆ ಇಪ್ಪತ್ತಾರು ವರ್ಷ. ದಿನಕ್ಕೆ ಮೂವತ್ತೈದರಿಂದ ನಲ್ವತ್ತು ಅರ್ಜಿ. ಸ್ಕೂಲು ತೆರೆಯುವ ಸಮಯದಲ್ಲಿ ಎಪ್ಪತ್ತು ದಾಟುತ್ತದೆ. ಈಚೆಗೆ ಎಷ್ಟೋ ಫಾರಂಗಳು ಆನ್‌ಲೈನ್ ಆಗಿ ಬೇರೆ ಕಡೆ ಹೋಗಿವೆ. ಆದರೂ ಗೆರೆ ಎಳೆದ ಚೌಕದೊಳಗೆ ಹಿಡಿಸದ ಕಷ್ಟಗಳು ಅಮ್ಮಣಿಯ ಬಳಿಗೇ ಬರುತ್ತವೆ. ಬಲಗೈಯ ಮಣಿಗಂಟು ನೋಯುತ್ತದೆ. ಕನ್ನಡಕದ ನಂಬರು ವರ್ಷವರ್ಷವೂ ಏರುತ್ತದೆ. ಗಂಡ ಚೆನ್ನಪ್ಪ ಎದುರಿನ ಸ್ಟ್ಯಾಂಡಿನಲ್ಲೇ ಆಟೋ ಓಡಿಸುತ್ತಾರೆ. ಹೆಂಡತಿಯ ಗುಣ ಹೇಗೆ ಎಂದು ಕೇಳಿದರೆ, “ಮನೆಗೆ ತಡ ಆಗಿ ಹೋದರೆ ನನ್ನ ಹತ್ತಿರವೂ ಹಾಗೇ ಕೇಳುದು ಮಾರಾಯ್ರೇ. ಯಾರೊಟ್ಟಿಗೆ ಇದ್ದದ್ದು, ಎಲ್ಲಿ, ಎಂತಕ್ಕೆ,” ಎಂದು ನಗುತ್ತಾರೆ.

ಈಶ್ವರಪ್ರಸಾದರು ಈ ಅಂಗಡಿಗೆ ಬಂದದ್ದು ಎರಡು ವರ್ಷದ ಹಿಂದೆ. ಕೈಯಲ್ಲಿ ಹನ್ನೊಂದು ನೋಟು ಪುಸ್ತಕ, ಅದರಲ್ಲಿ ನಲ್ವತ್ತು ವರ್ಷದ ಮುನ್ನೂರ ನಲ್ವತ್ತು ಕವಿತೆ. ಅಮ್ಮಣಿ ದಿನಾ ಬೆಳಗ್ಗೆ ಐದಕ್ಕೇ ಬಂದು ಮೊದಲ ಗಿರಾಕಿ ಬರುವ ತನಕ ಅದನ್ನು ಟೈಪ್ ಮಾಡಿದರು. ಅರ್ಥವಾಗದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಅಷ್ಟೇ. ಪ್ರಶ್ನಾರ್ಥಕ ಹಾಕಿದರೆ ಸೊಕ್ಕು ಎಂದು ಕಾಣುತ್ತದೆಂದು ಬರೀ ಚುಕ್ಕೆ. ಈಶ್ವರಪ್ರಸಾದರು ಎಣಿಸಿದ್ದಾರೆ, ಒಟ್ಟು ಆರುನೂರ ಹದಿನೇಳು.

“ಎಲ್ಲ ಅರ್ಥ ಆಗಲೇಬೇಕು ಅಂತ ಇಲ್ಲ,” ಎನ್ನುತ್ತಾರೆ ಅಮ್ಮಣಿ. “ಒಂದು ಕಡೆ ಬರೆದಿದ್ದರು, ‘ಅಜ್ಜನ ಊರುಗೋಲಿಗೆ ಈಗ ಅಜ್ಜನೇ ಊರುಗೋಲು’ ಅಂತ. ನನಗೆ ಅದು ಪೂರ್ತಿ ಗೊತ್ತಾಗಲಿಲ್ಲ. ಆದರೆ ನನ್ನ ಅಜ್ಜನನ್ನು ನೋಡಿದ ಹಾಗೆ ಆಯ್ತು. ಅದಕ್ಕೆ ಚುಕ್ಕೆ ಹಾಕಲಿಲ್ಲ. ಕಾಣದಿದ್ದರೆ ಮಾತ್ರ ಹಾಕುದು. ಮತ್ತೆ ಅಲ್ಲಿ ದೊಡ್ಡ ದೊಡ್ಡ ಶಬ್ದ ಇದ್ದರೆ ಖಂಡಿತ ಹಾಕುದು.”

ನಾನು ನಾಲ್ಕು ದಶಕದ ವಿಮರ್ಶೆ ಓದಿದವನು. ಕವಿತೆಯಲ್ಲಿ ಸ್ಪಷ್ಟತೆ ಎಂದರೇನು, ಸರಳತೆ ಎಂದರೇನು ಎಂದು ಎರಡು ದಿನದ ವಿಚಾರಸಂಕಿರಣದಲ್ಲಿ ಮಾತಾಡಿದವನು. ಊಟ ಚೆನ್ನಾಗಿತ್ತು ಎನ್ನುವುದು ಬಿಟ್ಟರೆ ಅಲ್ಲಿಂದ ನಾನು ತಂದದ್ದು ಏನೂ ನೆನಪಿಲ್ಲ. ಈ ಹೆಂಗಸು ಪ್ರಿಂಟರಿನ ಸದ್ದಿನ ನಡುವೆ ಎರಡು ಮಾತಿನಲ್ಲಿ ಹೇಳಿ ಮುಗಿಸಿದರು. ನನಗೆ ಅವರ ಮೇಲೆಯೂ ಹೊಟ್ಟೆಕಿಚ್ಚಾಯಿತು.

ಇನ್ನು ‘ಅಪೇಕ್ಷೆ’ಯ ಕತೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ. ಕನ್ನಡದಲ್ಲಿ ಅಪೇಕ್ಷೆ ಎಂದರೆ ಬಯಕೆ. ಮಲಯಾಳದಲ್ಲಿ ಅದೇ ಶಬ್ದಕ್ಕೆ ಅರ್ಜಿ ಎಂದು ಅರ್ಥ. ಕೇರಳದ ಕಚೇರಿಗಳಿಗೆ ಅಲೆದು ಅಲೆದು ಕಾಸರಗೋಡಿನ ಕನ್ನಡಿಗರ ಬಾಯಲ್ಲೂ ಅಪೇಕ್ಷೆ ಎಂದರೆ ಅರ್ಜಿಯೇ ಆಗಿಬಿಟ್ಟಿದೆ. ‘ಅಪೇಕ್ಷೆ ಕೊಟ್ಟೆಯಾ’, ‘ಅಪೇಕ್ಷೆ ಪಾಸಾಯಿತಾ’ ಎನ್ನುತ್ತೇವೆ. ಇಪ್ಪತ್ತಾರು ವರ್ಷದಿಂದ ಅದನ್ನೇ ಟೈಪ್ ಮಾಡುವ ಅಮ್ಮಣಿಗಂತೂ ಅದಕ್ಕೆ ಇನ್ನೊಂದು ಅರ್ಥ ಇದೆಯೆಂಬುದೇ ನೆನಪಿನಲ್ಲಿ ಇರಲಿಲ್ಲ.

ಈಶ್ವರಪ್ರಸಾದರ ಕೊನೆಯ ನೋಟು ಪುಸ್ತಕದಲ್ಲಿ, ಹೆಂಡತಿ ತೀರಿಕೊಂಡ ವರ್ಷ ಬರೆದ ಕವಿತೆಯೊಂದು ಹೀಗೆ ಸುರುವಾಗುತ್ತಿತ್ತು: ‘ನನ್ನದೊಂದು ಅಪೇಕ್ಷೆ / ಅನಂತದ ಹೊಸ್ತಿಲಲಿ / ಇನ್ನೂ ಕಾದಿದೆ.’

ಅಮ್ಮಣಿ ಚುಕ್ಕೆ ಹಾಕಿದರು. ಈಶ್ವರಪ್ರಸಾದರು ಬಂದಾಗ ಕೇಳಿದರು: “ಭಟ್ರೇ, ಇದು ಯಾವ ಆಫೀಸಿನಲ್ಲಿ ಬಾಕಿ ಇರುದು? ಕೊಟ್ಟ ದಿನಾಂಕ ಇಲ್ಲ. ಯಾರಿಗೆ ಕೊಟ್ಟದ್ದು ಅಂತಲೂ ಇಲ್ಲ. ಅದಿಲ್ಲದೆ ಹುಡುಕುದು ಹೇಗೆ?”

ಈಶ್ವರಪ್ರಸಾದರು ಬೆಂಚಿನಲ್ಲಿ ಕೂತು ನಕ್ಕರಂತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಅಮ್ಮಣಿಗೆ ಹೆದರಿಕೆಯಾಗಿ ಎದುರಿನ ಹೋಟೆಲಿನಿಂದ ಚಾ ತರಿಸಿದರು. ಅವರು ಚಾ ಕುಡಿಯದೆ ಆ ನೋಟು ಪುಸ್ತಕ ಹಿಡಿದುಕೊಂಡು ಹೋದರು. ನಾಲ್ಕು ದಿನ ಬಿಟ್ಟು ಹೊಸ ಹಾಳೆಯೊಂದಿಗೆ ಬಂದರು. ಅದು ಈಗ ಎಲ್ಲರ ಫೋನಿನಲ್ಲೂ ಇದೆ:

ಇಂದ: ಅಗಲ್ಪಾಡಿಯ ನಾನು.
ಇವರಿಗೆ: ನೀನು. ವಿಳಾಸ ತಿಳಿದಿಲ್ಲ.
ವಿಷಯ: ಮಾವಿನ ಮಿಡಿ.
ನೀನು ಹಾಕಿದ ಉಪ್ಪಿನಕಾಯಿ
ಭರಣಿಯಲ್ಲಿ ಹದಿನೇಳು ಮಿಡಿ ಉಳಿದಿದೆ.
ತಿಂದರೆ ಮುಗಿಯುತ್ತದೆ.
ಇಟ್ಟರೆ ಕೆಡುತ್ತದೆ.
ಏನು ಮಾಡಬೇಕೆಂದು
ದಯವಿಟ್ಟು ತಿಳಿಸಬೇಕಾಗಿ ಅಪೇಕ್ಷೆ.

ಚುಕ್ಕೆ ಹಾಕಲು ಇದರಲ್ಲಿ ಎಲ್ಲಿ ಜಾಗ ಇದೆ ಹೇಳಿ. ನಾನು ಹುಡುಕಿದ್ದೇನೆ. ಮೂರು ರಾತ್ರಿ ಹುಡುಕಿದ್ದೇನೆ. ‘ಇದು ಕವಿತೆಯೇ ಅಲ್ಲ, ಬರೀ ಕಾಗದ’ ಎಂದು ಹೆಂಡತಿಗೆ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅವಳು ಅಡುಗೆಮನೆಗೆ ಹೋದಳು.

ನಾನು ಅಗಲ್ಪಾಡಿಗೂ ಹೋದೆ. ಈಶ್ವರಪ್ರಸಾದರು ಬಚ್ಚಿಡುತ್ತಾರೆ, ತಡವರಿಸುತ್ತಾರೆ, ಆಗ ಹಿಡಿಯಬಹುದು ಎಂದುಕೊಂಡಿದ್ದೆ. ಆ ಮನುಷ್ಯ ಅದಕ್ಕೂ ಅವಕಾಶ ಕೊಡಲಿಲ್ಲ.

“ಅಮ್ಮಣಿ ಕೇಳದಿದ್ದರೆ ಅದು ಅನಂತದ ಹೊಸ್ತಿಲಲ್ಲೇ ಕೂತು ಕೊಳೆಯುತ್ತಿತ್ತು ಮಾರಾಯ ಶರತ್ಚಂದ್ರ,” ಎಂದರು. “ನೋಡು, ಕಾದಂಬರಿ ಬರೆಯುವಾಗ ಬಾಗಿಲು ತೆರೆದದ್ದು ಯಾರು ಅಂತ ಬರೆಯದೆ ನಾನು ಮುಂದೆ ಹೋಗುವವನೇ ಅಲ್ಲ. ಪದ್ಯಕ್ಕೆ ಬಂದ ಕೂಡಲೇ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಯಾರೂ ಇಲ್ಲದ ಬಾಗಿಲು. ಅದೇ ದೊಡ್ಡದು ಅಂತ ನಲ್ವತ್ತು ವರ್ಷ ತಿಳಿದುಕೊಂಡಿದ್ದೆ.”

ಆ ಚುಕ್ಕೆಗಳ ದೆಸೆಯಿಂದ ಮುನ್ನೂರ ನಲ್ವತ್ತರಲ್ಲಿ ನೂರ ಮೂವತ್ತನಾಲ್ಕು ಕವಿತೆಗಳನ್ನು ಅವರು ಕೈಯಾರೆ ತೆಗೆದುಹಾಕಿದ್ದಾರೆ. ಉಳಿದ ಇನ್ನೂರ ಆರು ಕವಿತೆಗಳು ‘ಇಷ್ಟು ವರ್ಷದ ಪದ್ಯಗಳು’ ಎಂಬ ಹೆಸರಿನಲ್ಲಿ ಮುಂದಿನ ಭಾನುವಾರ ಬಿಡುಗಡೆಯಾಗುತ್ತವೆ. ನಾನು ಒಂದು ಸಾಲು ತೆಗೆಯಬೇಕಾದರೂ ಕರುಳು ಕಿತ್ತು ಬಂದಂತೆ ಒದ್ದಾಡುವವನು. ಮೊದಲ ಪುಟದಲ್ಲಿ ‘ತಿದ್ದಿದವರು: ಅಮ್ಮಣಿ’ ಎಂದು ಹಾಕಿಸಲು ಈಶ್ವರಪ್ರಸಾದರು ಹಟ ಹಿಡಿದಿದ್ದರು. ಅಮ್ಮಣಿ ಒಪ್ಪಲಿಲ್ಲ. ಮನುಷ್ಯನಿಗೆ ಒಳ್ಳೆಯ ಕವಿತೆಯೂ ಬೇಕು, ದೊಡ್ಡ ಮನಸ್ಸೂ ಬೇಕು ಎಂದರೆ ಉಳಿದವರಿಗೆ ಏನು ಉಳಿಯಿತು? ನಾನು ಅವರ ಮನೆಯ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಆದ್ದರಿಂದ ಈ ಬೆಳಗ್ಗೆ, ಆರೂ ನಲ್ವತ್ತರ ಬಸ್ಸು ಹೋಗಿ ಅಂಗಡಿ ಖಾಲಿಯಾದ ಮೇಲೆ, ನಾನು ನೇರ ವಿಷಯಕ್ಕೆ ಬರುತ್ತೇನೆ. ಇದೇ ನನಗೆ ಉಳಿದಿರುವ ಕೊನೆಯ ದಾರಿ. ಅಮ್ಮಣಿಯ ಬಾಯಿಂದ ಒಂದು ಮಾತು ಬಂದರೆ ಸಾಕು, ಅದನ್ನೇ ತಲೆಬರಹ ಮಾಡುತ್ತೇನೆ.

“ಇಂದ, ಇವರಿಗೆ, ವಿಷಯ. ಇದು ನಿಮ್ಮ ಅರ್ಜಿಯ ರೂಪ. ಕೇಳಿದ್ದು ನಿಮ್ಮ ಪ್ರಶ್ನೆ. ಹಾಗಾದರೆ ಕವಿತೆಯೂ ನಿಮ್ಮದೇ ಅಲ್ಲವೇ?” ಎನ್ನುತ್ತೇನೆ.

“ಅಲ್ಲ,” ಎನ್ನುತ್ತಾರೆ ಅಮ್ಮಣಿ.

“ನೀವು ಸಂಕೋಚದಿಂದ ಹೇಳುತ್ತಿದ್ದೀರಿ.”

“ಸಂಕೋಚ ಎಂತಕ್ಕೆ? ಮಿಡಿ ಎಷ್ಟು ಉಳಿದಿದೆ ಅಂತ ನನಗೆ ಗೊತ್ತುಂಟಾ? ಅವರ ಮನೆಯ ಭರಣಿಗೆ ನಾನು ಕೈ ಹಾಕಿದ್ದೇನಾ? ತಿದ್ದಿದವರು ಅಂತ ನನ್ನ ಹೆಸರು ಹಾಕಿದರೆ ಅದು ಸುಳ್ಳು ಮಾಹಿತಿ ಆಗ್ತದೆ. ಟೈಪಿಂಗ್, ಅಮ್ಮಣಿ, ಮುಳ್ಳೇರಿಯ ಅಂತ ಹಾಕಿ ಅಂದೆ. ಅದು ಸರಿ ಉಂಟು. ಹಾಕಿದ್ದಾರೆ.”

“ಆದರೆ ನೀವು ಕೇಳದೆ ಇದ್ದಿದ್ದರೆ?”

ಅಮ್ಮಣಿ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸುತ್ತಾರೆ. ಮುಖದಲ್ಲಿ ಸಿಟ್ಟು ಇಲ್ಲ. ಅದಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

“ಕೇಳುದು ದೊಡ್ಡ ಸಂಗತಿ ಅಲ್ಲ ಮಾಷ್ಟ್ರೇ. ನಾನು ನಿಮ್ಮ ಹತ್ತಿರವೂ ಕೇಳಿದ್ದೆ.”

ನಾನು ಈ ತನಕ ಬರೆಯದೆ ಬಿಟ್ಟದ್ದು ಇದು. ‘ಶಿಲಾಮೌನದ ಪದರುಗಳು’ ಹಸ್ತಪ್ರತಿಯನ್ನು ಹನ್ನೊಂದು ವರ್ಷದ ಹಿಂದೆ ನಾನು ಮೊದಲು ತಂದುಕೊಟ್ಟದ್ದು ಇದೇ ಅಂಗಡಿಗೆ. ಒಂದು ವಾರ ಬಿಟ್ಟು ಬಂದಾಗ ಪುಟ ಪುಟದಲ್ಲೂ ಚುಕ್ಕೆ. ಟೈಪ್ ಮಾಡುವವಳಿಗೆ ಕವಿತೆಯ ಗೊಡವೆ ಯಾಕೆ ಎಂದು ಗದರಿ, ಕಟ್ಟನ್ನು ಕಸಿದುಕೊಂಡು ಹೋಗಿ ಬೇರೆ ಕಡೆ ಮಾಡಿಸಿದೆ. ಅದು ಅವರಿಗೆ ಮರೆತಿರಬಹುದು ಎಂದುಕೊಂಡಿದ್ದೆ. ಲೇಖನಕ್ಕೆಂದು ನಾನು ಮೊದಲ ದಿನ ಬಂದಾಗಲೂ ಅವರು ಅದರ ಸುದ್ದಿ ಎತ್ತಿರಲಿಲ್ಲ.

“‘ಪಂಕ್ತಿ’ ಅಂತ ಒಂದು ಪದ್ಯ ಇತ್ತು,” ಅಮ್ಮಣಿ ಹೇಳುತ್ತಾರೆ. “‘ತಾಮ್ರಮುಖದ ಉಗಿಯಲಿ ಕರಗಿತೊಂದು ಗುರುತು, ಅಂಚಿಲ್ಲದ ಎಲೆಗೆ ಬಡಿಸುತ್ತಲೇ ಇದೆ, ಬಡಿಸುತ್ತಲೇ ಇದೆ.’ ಬಡಿಸುದು ಯಾರು ಅಂತ ನಾನು ಕೇಳಿದೆ. ಕಾಲ ಅಂತ ನೀವು ಹೇಳಿದಿರಿ. ಆವಾಗ ನೀವು ಕಾಲಬುಡ ನೋಡ್ತಾ ಇದ್ದಿರಿ. ನಾನು ಇನ್ನೂ ಸ್ವಲ್ಪ ಕಾಯಬೇಕಿತ್ತು. ನೀವು ತೆಕ್ಕೊಂಡು ಹೋದಿರಿ.”

ನನ್ನ ಕವಿತೆಯ ಮೂರು ಸಾಲು ಬಾಯಿಪಾಠ ಇರುವ ಒಬ್ಬರೇ ಒಬ್ಬರು ಈ ಲೋಕದಲ್ಲಿ ಇದ್ದಾರೆ. ಅವರಿಗೆ ಅದು ಅರ್ಥವಾಗಿಲ್ಲ.

ಈಶ್ವರಪ್ರಸಾದರ ಮೇಲೆ ನನಗೆ ಯಾಕೆ ಇಷ್ಟು ಉರಿ ಎಂದು ಆಗ ನನಗೇ ಗೊತ್ತಾಗುತ್ತದೆ. ಪ್ರಶಸ್ತಿಗಲ್ಲ, ಕಪಾಟಿಗಲ್ಲ. ಅದೇ ಬೆಂಚಿನಲ್ಲಿ ಕೂತು ಅದೇ ಹೆಂಗಸು ಕೇಳಿದ ಪ್ರಶ್ನೆಗೆ ಅವರು ಅತ್ತರು, ನಾನು ಸುಳ್ಳು ಹೇಳಿದೆ. ಈಗ ಅವರನ್ನು ಕಳ್ಳನೆಂದು ತೋರಿಸಲು ಹೊರಟವನೂ ನಾನೇ.

“ಬಡಿಸಿದ್ದು ನನ್ನ ಅಪ್ಪ,” ಎನ್ನುತ್ತೇನೆ.

ಅಮ್ಮಣಿ ಕಾಯುತ್ತಾರೆ. ಕೈ ಮಡಿಲಲ್ಲಿದೆ. ನಾನೇ ಮಾತಾಡುತ್ತೇನೆ. ಕಾಲೇಜಿನ ಮೊದಲ ವರ್ಷ. ಸಹಪಾಠಿಯೊಬ್ಬನ ಅಕ್ಕನ ಮದುವೆಗೆ ಗೆಳೆಯರೊಟ್ಟಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕೂತಾಗ ಆ ತುದಿಯಿಂದ ಸಾಂಬಾರಿನ ಬಕೆಟ್ ಹಿಡಿದು ಅಪ್ಪ ಬರುವುದು ಕಾಣಿಸಿತು. ಅಡಿಗೆಗೆ ಹೋಗುತ್ತಾರೆಂದು ಗೊತ್ತಿತ್ತು, ಅದೇ ಮದುವೆ ಎಂದು ಗೊತ್ತಿರಲಿಲ್ಲ. ಬರೀ ಮೈ, ಸೊಂಟಕ್ಕೆ ಕಟ್ಟಿದ ಬೈರಾಸು, ಉಗಿಗೆ ಕೆಂಪಾದ ಮುಖ. ನನ್ನ ಅಪ್ಪನಿಗೆ ತೋಟ ಉಂಟು ಎಂದು ಗೆಳೆಯರಿಗೆ ಹೇಳಿದ್ದೆ. ಎಲೆಯಿಂದ ತಲೆ ಎತ್ತಲಿಲ್ಲ. ಅವರು ನನ್ನ ಎಲೆಯ ಮುಂದೆ ಬಂದು ನಿಂತರು.

“ಮನೆಯಲ್ಲಿ ನನ್ನನ್ನು ಮಗಾ ಅನ್ನುತ್ತಿದ್ದವರು. ಅವತ್ತು ಬಗ್ಗಿ, ‘ನಿಮಗೆ ಸಾಂಬಾರು ಹಾಕಲಾ?’ ಅಂತ ಕೇಳಿದರು. ಬೇರೆ ನೆಂಟರಿಗೆ ಕೇಳಿದ ಹಾಗೇ. ನಾನು ಸಾಕು ಅಂತ ಕೈ ಅಡ್ಡ ಹಿಡಿದೆ. ಆಮೇಲೆ ಮನೆಗೆ ಹೋದ ಮೇಲೆಯೂ ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಸಾಯುವ ತನಕ ಹೇಳಲಿಲ್ಲ.”

ಕೀಬೋರ್ಡಿನ ಸದ್ದು ಕೇಳಿಸುತ್ತದೆ. ನಾನು ಮುಖ ಒರೆಸಿಕೊಂಡು ನೋಡುವಾಗ ಅಮ್ಮಣಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ್ದಾರೆ. ನಾನು ಹೇಳಿದ ಅಷ್ಟೂ ಮಾತಿನಲ್ಲಿ ಮೂರೇ ಸಾಲು ಅಲ್ಲಿ ಉಳಿದಿವೆ:

ಮದುವೆಯ ಊಟದಲ್ಲಿ ಬಡಿಸಿದ್ದು ನನ್ನ ಅಪ್ಪ.
ನಾನು ಎಲೆಯಿಂದ ತಲೆ ಎತ್ತಲಿಲ್ಲ.
ಅವರು ನನಗೆ ‘ನಿಮಗೆ’ ಎಂದರು.

“ಇದರಲ್ಲಿ ನನ್ನ ಶಬ್ದ ಒಂದಾದರೂ ಉಂಟಾ ನೋಡಿ,” ಎನ್ನುತ್ತಾರೆ. “ಇದನ್ನೂ ಸಾ ಅಮ್ಮಣಿ ಬರೆದದ್ದು ಅಂತ ಪೇಪರಿಗೆ ಹಾಕ್ತೀರಾ?”

ಇಲ್ಲ ಎಂದು ತಲೆಯಾಡಿಸುತ್ತೇನೆ. ಈಶ್ವರಪ್ರಸಾದರ ಕವಿತೆ ಈಶ್ವರಪ್ರಸಾದರದ್ದೇ, ಅಮ್ಮಣಿ ಕೇಳಿದ್ದು ಒಂದು ಪ್ರಶ್ನೆ ಮಾತ್ರ. ಇದನ್ನು ಓದುಗರ ಮುಂದೆ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಹೊಟ್ಟೆಕಿಚ್ಚು ಆರಿದೆ ಎಂದೇನೂ ಅಲ್ಲ.

ಹೊರಗೆ ಮುಂದಿನ ಬಸ್ಸಿಗೆ ಹೋಗುವವರು ಒಬ್ಬೊಬ್ಬರಾಗಿ ಬೆಂಚಿಗೆ ಬಂದು ಕೂರುತ್ತಿದ್ದಾರೆ. ಪುರವಣಿಯ ಸಂಪ್ರದಾಯದಂತೆ ಕೊನೆಗೆ ನಾನು ಅಮ್ಮಣಿಯ ಆಸೆ ಏನು ಎಂದು ಕೇಳಬೇಕು. ಕೇಳುತ್ತೇನೆ.

“ಈ ಕೆಲಸವನ್ನು ಪೂರ್ತಿ ಮಾಡಿ ಕೊಡಬೇಕು ಅಂತ,” ಎಂದು ಅವರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ. “ತಂದೆಯ ಹೆಸರು?”

“ತಿರುಮಲೇಶ್ವರ ಭಟ್.”

“ಉದ್ಯೋಗ?”

ಕಾಲೇಜಿನ ಫಾರಮ್ಮಿನಿಂದ ಹಿಡಿದು ಪೆನ್ಶನ್ ಫಾರಮ್ಮಿನ ತನಕ ಆ ಜಾಗದಲ್ಲಿ ನಾನು ‘ಕೃಷಿ’ ಎಂದೇ ಬರೆದವನು. ಬೆಂಚಿನಲ್ಲಿ ಈಗ ಐದು ಜನ ಇದ್ದಾರೆ, ಐವರಿಗೂ ಕೇಳಿಸುವಷ್ಟು ಹತ್ತಿರ.

“ಅಡಿಗೆ,” ಎನ್ನುತ್ತೇನೆ. “ಮದುವೆ ಅಡಿಗೆ.”